ಮಾರುತ್ತರ ಕೊಡುವ ದನಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಪಕ್ಕಕ್ಕೆ, ನನ್ನ ಮಗ ಸಿದರಾಯ ಕೂತಿರುತ್ತಾನೆ. ಗಾಬರಿಯಾಗಬೇಡಿ, ಕೂತಿರುವುದು ರೇಡಿಯೋ, ಅದರೊಳಗಿಂದ ಬರುವುದು ಅವನ ದನಿ. ನಮ್ಮೂರು ಸಂಖದ ಬಯಲಲ್ಲಿ ಕುರಿಗಳ ಹಿಂದೆ ತಿರುಗಿದವನು ಮಿಲಿಟರಿ ಸೇರಿದ, ಅಲ್ಲಿ ಹಿಮದ ಬೆಟ್ಟ ಏರುವ ಚಟ ಹಚ್ಚಿಕೊಂಡ, ಪಿಂಚಣಿಯಾಗಿ ಬಂದಮೇಲೆ ರೇಡಿಯೋದಲ್ಲಿ ಒಕ್ಕಲುತನದ ಮಾತು ಹೇಳತೊಡಗಿದ. ಬಂದೂಕು ಹಿಡಿದ, ಹಗ್ಗ ಹಿಡಿದ, ಮೈಕು ಹಿಡಿದ. ಸಂತೆಯ ಚೀಲವನ್ನು ಮಾತ್ರ ಎಂದೂ ಹಿಡಿಯಲಿಲ್ಲ.

ಈ ವರ್ಷ ಹಳೆಯ ಗೆಳೆಯರೊಡನೆ ಮತ್ತೆ ಬೆಟ್ಟಕ್ಕೆ ಹೊರಟ. ನಮ್ಮದೇ ಕುರಿಗಳ ಉಣ್ಣೆಯಿಂದ ನೇಯಿಸಿ, ಹುಣಸೆಬೀಜದ ಗಂಜಿ ಕುಡಿಸಿ ಬಿಗಿ ಮಾಡಿದ ಕಂಬಳಿಯನ್ನು ಅವನ ಹೆಗಲಿಗೆ ಹಾಕಿ ಕಳಿಸಿದೆ. ಮೇಲೆ ಹಿಮಗಾಳಿ ಎದ್ದಿತಂತೆ, ಫೋನು ಹತ್ತದಾಯಿತು. ಹೋಗುವ ಮುಂಚೆಯೇ ಮಾತುಗಳನ್ನು ರೆಕಾರ್ಡು ಮಾಡಿಟ್ಟಿದ್ದರಿಂದ ರೇಡಿಯೋದಲ್ಲಿ ಮಾತ್ರ ಅವನ ದನಿ ತಪ್ಪಲಿಲ್ಲ. ನೆರೆಮನೆಯ ಶಾಂತವ್ವ ಹಿಗ್ಗಿ ಓಡಿಬಂದಳು.

"ಯಕ್ಕಾ, ನಿನ್ನ ಮಗ ಬಂದಾನಲ್ಲ! ಶೇಂಗಾಕ್ಕ ಔಷಧಿ ಹೊಡೀರಿ ಅಂತ ಈಗ ಹೇಳಾಕತ್ತಾನ."

"ಅದು ಹೋಗೂ ಮುಂಚೆ ಆಡಿಟ್ಟ ಮಾತು, ಶಾಂತವ್ವ," ಎಂದೆ. ಅವಳ ಮುಖ ಇಳಿಯಿತು, ಸೊಸೆ ಒಲೆಯ ಕಡೆ ತಿರುಗಿದಳು. ಸುಳ್ಳು ಸಮಾಧಾನ ನನಗೆ ಬರುವುದಿಲ್ಲ.

ದನಿಯೊಂದು ವಿಚಿತ್ರ ಜೀವಿ ನೋಡಿ. ಉಸಿರಿನಿಂದ ಹುಟ್ಟಿಯೂ ಉಸಿರಿನ ಹಂಗಿಲ್ಲದೆ ತಿರುಗುತ್ತದೆ. ತನ್ನನ್ನು ಹೆತ್ತ ಗಂಟಲು ಎಲ್ಲಿದೆ, ಹೇಗಿದೆ ಎಂಬ ಗೊಡವೆ ಅದಕ್ಕಿಲ್ಲ. ರೊಟ್ಟಿ ಬಡಿಯುತ್ತ ಅದಕ್ಕೆ ಬೈದೆ: "ಎಲ್ಲಿ ಅದಿ, ಹೇಳೋ!" ಅದು ಶೇಂಗಾ ಬಿಡಲಿಲ್ಲ.

ಕಡೆಗೊಂದು ಮಧ್ಯಾಹ್ನ ಫೋನು ಬಂತು.

"ಯವ್ವಾ, ನಾನು."

ದನಿಯನ್ನು ನಂಬುವುದನ್ನೇ ಬಿಟ್ಟಿದ್ದೆ ನಾನು. "ಕಂಬಳಿ ಎಲ್ಲೈತಿ?" ಎಂದೆ.

"ನಮ್ಮ ಸಾಮಾನು ಹೊರೂ ಮುದುಕಗ ಹೊಚ್ಚೀನಿ. ಥಂಡಿಗೆ ನಡುಗಾಕತ್ತಿದ್ದ."

"ಅಂಥಾ ಚಲೋ ಕಂಬಳಿ ಕೊಟ್ಟು ಬಂದಿ?"

"ಜೀವಂತ ಅದಿಯೇನಪ ಅಂತ ಕೇಳವಲ್ಲಿ, ಕಂಬಳಿ ಕೇಳಾಕತ್ತಿಯಲ್ಲ ಬೇ!"

ಬೈದರೆ ತಿರುಗಿ ಬೈಯುವ ದನಿ! ಎದೆಯ ಮೇಲಿನ ಒರಳುಕಲ್ಲು ಇಳಿದಂತಾಯಿತು. ಫೋನು ಸೊಸೆಗೆ ಕೊಟ್ಟು, ಹೊಸ ಕಂಬಳಿಗೆ ಉಣ್ಣೆ ಬಿಡಿಸಲು ಕೂತೆ.

ಈಗಲೂ ಗೂಡಿನಲ್ಲಿ ರೇಡಿಯೋ ಮಾತಾಡುತ್ತದೆ, ಈಗಲೂ ನಾನು ಬೈಯುತ್ತೇನೆ: "ಸಾಕು ಮಾಡೋ ನಿನ್ನ ಶೇಂಗಾ." ಗೂಡು ಕೇಳಿಸಿಕೊಳ್ಳುವುದಿಲ್ಲ. ಬೆಟ್ಟದಿಂದ ಮರಳಿ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತವನು ಅಲ್ಲಿಂದಲೇ ಕೂಗುತ್ತಾನೆ: "ನಿನಗೇನ್ ತಿಳೀತೈತಿ, ಸುಮ್ಕ ರೊಟ್ಟಿ ಬಡಿ!"

ಬಡಿಯುತ್ತೇನೆ. ರೊಟ್ಟಿ ಉಬ್ಬುತ್ತದೆ.