ಯಾರೂ ಇಲ್ಲದ ಫೋಟೋ

ಸತ್ತವರು ಕಾಣಿಸಿಕೊಳ್ಳುತ್ತಾರೆ ಎನ್ನುವುದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ, ಫೋಟೋ ಇದ್ದರೆ ತೋರಿಸಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಮಧುಗಿರಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತು ವರ್ಷ ದಾಟಿತು. ಕಣ್ಣಿಗೆ ಕಂಡದ್ದನ್ನೇ ನೆಚ್ಚಿ ಬದುಕಿದವನು. ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕಸುಬಿನಲ್ಲಿ ನನ್ನದು ಒಂದೇ ನಿಯಮವಿತ್ತು. ಫೋಟೋ ನೋಡಿದ ಕೂಡಲೇ ಕಣ್ಣು ಎಲ್ಲಿ ನಿಲ್ಲಬೇಕೆಂದು ಗೊತ್ತಾಗಬೇಕು. ಒಂದು ಮುಖ, ಒಂದು ಹಕ್ಕಿ, ಕೊನೆಗೆ ಮುರಿದ ಗಾಡಿಚಕ್ರವಾದರೂ ಇರಬೇಕು. ಏನೂ ಇಲ್ಲದ್ದು ಫೋಟೋ ಅಲ್ಲ, ಕ್ಯಾಮೆರಾದ ಆಕಳಿಕೆ. ಅಂಥವನ್ನು ಅವತ್ತವತ್ತೇ ಅಳಿಸುತ್ತಿದ್ದೆ. ಹೆಂಡತಿ ಸರೋಜಳ ಜೊತೆ ಸಿದ್ದರಬೆಟ್ಟಕ್ಕೆ ಹೋದಾಗಲೂ ಅದನ್ನೇ ಮಾಡಿದೆ. ನಾನು ಕ್ಲಿಕ್ ಮಾಡುವ ಹೊತ್ತಿಗೆ ಸರಿಯಾಗಿ ಅವಳು ನಗುತ್ತಾ ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಬರೀ ಮೆಟ್ಟಿಲು, ಬಂಡೆ, ಗಿಡ ಬಂದಿದ್ದ ಹನ್ನೊಂದು ಫೋಟೋಗಳನ್ನು ಅವಳನ್ನು ಬೈಯುತ್ತಲೇ ಅಳಿಸಿದೆ. ಅದಾಗಿ ಆರು ತಿಂಗಳಿಗೆ ಅವಳು ಜ್ವರ ಬಂದು ತೀರಿಕೊಂಡಳು.

ಮರುವರ್ಷ ಮಿಡಿಗೇಶಿ ಕಡೆಯ ಕುರಿಗಾರರ ಮನೆಯ ಕರಿಯಮ್ಮ ಎಂಬ ಹೆಂಗಸು ಸ್ಟುಡಿಯೋಗೆ ಬಂದರು. ಗಂಡ ಹೋಗಿ ಏಳೆಂಟು ತಿಂಗಳಾಗಿತ್ತು. ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಅವರದೊಂದು ಫೋಟೋ ಬೇಕಿತ್ತು. ಇದ್ದದ್ದು ಆಧಾರ್ ಕಾರ್ಡಿನ ಮಸುಕು ಮುಖ ಒಂದೇ. ನಮ್ಮ ಕಡೆ ಇದಕ್ಕೊಂದು ರೂಢಿಯ ದಾರಿಯಿದೆ. ಕೋಟು, ಟೈ ಹಾಕಿದ ತಲೆಯಿಲ್ಲದ ಮೈ ಕಂಪ್ಯೂಟರಿನಲ್ಲಿ ಸಿದ್ಧವಿರುತ್ತದೆ. ಸತ್ತವರ ಮುಖವನ್ನು ಅದರ ಮೇಲೆ ಕೂರಿಸಿ ಹಿಂದೆ ನೀಲಿ ಬಣ್ಣ ಹಾಕುತ್ತೇವೆ. ಬದುಕಿರುವಷ್ಟು ದಿನ ಕಂಬಳಿ ಹೊದ್ದವರೆಲ್ಲ ನಮ್ಮ ಸ್ಟುಡಿಯೋದಲ್ಲಿ ಸತ್ತ ಮೇಲೆ ಕೋಟು ಹಾಕುತ್ತಾರೆ. ಕರಿಯಮ್ಮನ ಗಂಡನಿಗೂ ಹಾಕಿಸಿದೆ.

ಕರಿಯಮ್ಮ ನೋಡಿ ತಲೆಯಾಡಿಸಿದರು. "ಇವ್ರು ಯಾರೋ ಆಪೀಸರು ಕಣಪ್ಪ. ಇವ್ರ ಮುಂದೆ ಎಡೆ ಇಕ್ಕಿದ್ರೆ ನಮ್ಮೋರು ಹೆಂಗೆ ಉಣ್ತಾರೆ?"

ಕಂಪ್ಯೂಟರಿನಲ್ಲಿ ಅದನ್ನು ಮುಚ್ಚಿದೆ. ಹಿಂದೆ ತೆರೆದೇ ಇದ್ದ ಇನ್ನೊಂದು ಫೋಟೋ ಕಾಣಿಸಿತು. ಹಿಂದಿನ ವಾರ ಮದುವೆ ನಿಶ್ಚಯವಾದ ಒಂದು ಜೋಡಿಯ ಫೋಟೋ ತೆಗೆಯಲು ಮಿಡಿಗೇಶಿ ಬೆಟ್ಟದ ಬುಡಕ್ಕೆ ಹೋಗಿದ್ದೆ. ಅವರು ಬಟ್ಟೆ ಬದಲಿಸಲು ಹೋದಾಗ ಬೆಳಕು ನೋಡಲು ಸುಮ್ಮನೆ ತೆಗೆದದ್ದು. ಒಣಹುಲ್ಲು, ಒಂದು ಬಂಡೆ, ಬಿಸಿಲು. ಅಳಿಸಲು ಮರೆತಿದ್ದೆ, ಅಷ್ಟೆ.

"ಅಗಾ, ನಮ್ಮೋರು ಇಲ್ಲೇ ಅವ್ರೆ!" ಎಂದರು ಕರಿಯಮ್ಮ. ಬಂಡೆಯ ಎಡಕ್ಕೆ, ಖಾಲಿ ಹುಲ್ಲಿನ ಮೇಲೆ ಬೆರಳಿಟ್ಟರು. "ಕಂಬಳಿ ಹೆಗಲಿಗೆ ಹಾಕ್ಕಂಡು ನಿಂತವ್ರೆ. ಇದ್ನೇ ಕೊಟ್ಬುಡಪ್ಪ."

ದುಃಖದಲ್ಲಿರುವವರಿಗೆ ಏನೇನೋ ಕಾಣುತ್ತದೆ ಎಂದುಕೊಂಡೆ. ಅವರು ಹೋದ ಮೇಲೆ ದೊಡ್ಡದು ಮಾಡಿ ನೋಡಿದೆ. ಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ.

ಎರಡು ದಿನ ಬಿಟ್ಟು ಪ್ರಿಂಟ್ ಒಯ್ಯಲು ಅವರ ಮಗಳು ಬಂದಳು. ಶಿರಾದಲ್ಲಿ ಗಾರ್ಮೆಂಟ್ಸ್ ಕೆಲಸದವಳು, ಅಲ್ಲಿಂದ ನೇರವಾಗಿ ಬಂದಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಅಮ್ಮ ಏನಾದರೂ ಹೇಳಿದರಾ ಎಂದು ಕೇಳಿದೆ. "ಇಲ್ಲ ಸಾರ್, ಫೋಟೋ ಈಸ್ಕಂಡು ಬಾ ಅಂದ್ರು, ಅಷ್ಟೆ" ಎಂದಳು. ನಾನು ಯಾವ ಸುಳಿವೂ ಕೊಡದೆ ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದೆ. ಅವಳು ಕುರ್ಚಿಯಿಂದ ಎದ್ದಳು. ಬೆರಳು ಬಂಡೆಯ ಎಡಕ್ಕೇ ಹೋಯಿತು. "ನಮ್ಮಪ್ಪ! ಇದ್ನ ಯಾವಾಗ ತೆಗೆದ್ರಿ ಸಾರ್?" ಮೊನ್ನೆ ಮೊನ್ನೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ತಾಯಿ ಮಗಳು ಫೋನಿನಲ್ಲಿ ಮಾತಾಡಿಕೊಂಡಿರಬಹುದು. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ಅವರಿಗೆ ಕಂಡದ್ದು ನಿಜವಾದರೆ ನಾನು ಅಳಿಸಿದ ಆ ಹನ್ನೊಂದರ ಗತಿಯೇನು? ಒಂದು ಬೆಳಿಗ್ಗೆ ಒಬ್ಬನೇ ಸಿದ್ದರಬೆಟ್ಟ ಹತ್ತಿದೆ. ಸರೋಜ ನಗುತ್ತಾ ಸರಿದಿದ್ದ ಅದೇ ಮೆಟ್ಟಿಲು, ಅದೇ ಬಂಡೆ, ಅದೇ ಗಿಡ. ಹನ್ನೊಂದು ಫೋಟೋ ತೆಗೆದು, ಪ್ರಿಂಟ್ ಹಾಕಿಕೊಂಡು ಮಿಡಿಗೇಶಿ ಬಸ್ಸು ಹತ್ತಿದೆ.

ಕರಿಯಮ್ಮನ ಮನೆಯ ಗೋಡೆಯಲ್ಲಿ ನಾನು ತೆಗೆದ ಆ ಬಂಡೆಯ ಫೋಟೋಗೆ ಹಾರ ಹಾಕಿದ್ದರು. ಗಾಜಿನ ಮೇಲೆ, ಬಂಡೆಯ ಎಡಕ್ಕೆ, ಕುಂಕುಮದ ಬೊಟ್ಟಿತ್ತು. ನಾನು ಸರೋಜಳ ಹೆಸರನ್ನಾಗಲಿ, ಅಳಿಸಿದ ಫೋಟೋಗಳ ಮಾತನ್ನಾಗಲಿ ಎತ್ತದೆ, ಇವುಗಳಲ್ಲಿ ಯಾರಾದರೂ ಇದ್ದಾರಾ ನೋಡಿ ಎಂದು ಪ್ರಿಂಟುಗಳನ್ನು ಕೊಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದರು.

"ಇದ್ರಾಗೆ ಯಾರೂ ಇಲ್ವಲ್ಲಪ್ಪ."

ಇನ್ನೊಂದು ಸಲ ನೋಡಿ ಎಂದೆ. ಅವರು ಮತ್ತೆ ಮೊದಲಿನಿಂದ ನೋಡಿದರು.

ಅವರ ಕಣ್ಣಿಗೆ ಕಂಡದ್ದೇನು, ನನಗೇಕೆ ಕಾಣಲಿಲ್ಲ ಎನ್ನುವುದು ಇವತ್ತಿಗೂ ನನಗೆ ತಿಳಿದಿಲ್ಲ. ಈಗ ನಾನು ಯಾವ ಫೋಟೋವನ್ನೂ ಅಳಿಸುವುದಿಲ್ಲ. ಆದರೆ ಅವತ್ತು ಪ್ರಿಂಟುಗಳನ್ನು ಜೋಡಿಸಿ ನನ್ನ ಕೈಗಿಡುತ್ತಾ ಕರಿಯಮ್ಮ ಕೇಳಿದ್ದು ಮಾತ್ರ ಕಿವಿ ಬಿಟ್ಟು ಹೋಗಿಲ್ಲ.

"ಇವು ಬರೀ ಬಂಡೆ ಕಣಪ್ಪ. ಮುಂಚೆ ತೆಗ್ದಿದ್ದು ಇದ್ರೆ ತಗಂಬಾ, ನೋಡಾನ."