ಮಡಿಲಕ್ಕಿ ಹೋದ ದಾರಿ

ನಮ್ಮೂರು ಹರವೆಯಲ್ಲಿ ಏಳೂವರೆಗೆ ಬರಬೇಕಾದ ಬಸ್ಸು ಎಂಟು ದಾಟಿದ ಮೇಲೆ ಬಂತು. ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಬೇಕಿತ್ತು. ಅಲ್ಲಿ ಮಗಳ ಮನೆಯಲ್ಲಿರುವ ನನ್ನಕ್ಕ ಪುಟ್ಟತಾಯಮ್ಮನಿಗೆ ತೊಂಬತ್ತು ದಾಟಿದೆ. ನನಗೆ ಎಂಬತ್ತೇಳು. ಅವಳ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿತ್ತು.

ಚಾಮರಾಜನಗರದಲ್ಲಿ ಎರಡು ಇಡ್ಲಿ ತಿಂದು ಕಾಫಿ ಕುಡಿದೆ. ಗುಂಡ್ಲುಪೇಟೆ ಬಸ್ಸಿನ ತುಂಬ ಹೆಂಗಸರು. ಅವರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನಾನು ಕಾರ್ಡು ತೋರಿಸಿ ಹಿರಿಯರ ರಿಯಾಯಿತಿಯಲ್ಲಿ ಟಿಕೆಟ್ ತೆಗೆದುಕೊಂಡೆ.

"ನೀವೂ ಸೀರೆ ಉಟ್ಕಂಡ್ ಬಂದಿದ್ರೆ ಫ್ರೀ ಆಗೋದು ತಾತ" ಎಂದು ಪಕ್ಕದವಳು ನಗಿಸಿದಳು.

ತೆರಕಣಾಂಬಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಪೊಲೀಸರು ನಮ್ಮ ಬಾಡಿಗೆ ಗಾಡಿಯನ್ನು ಇಲ್ಲೇ ತಡೆಯುತ್ತಿದ್ದರು. ಹೊಸದಾಗಿ ಮದುವೆಯಾಗಿದ್ದ ಅಕ್ಕ ಗಂಡನ ಮನೆಗೆ ಹೊರಟಾಗಲೆಲ್ಲ ನಮ್ಮವ್ವ ಅವಳ ಸೆರಗಿಗೆ ಮಡಿಲಕ್ಕಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ. ಅಕ್ಕಿಯ ಅಡಿಯಲ್ಲಿ ಬಟ್ಟೆ ಸುತ್ತಿದ ಕರಪತ್ರಗಳು. ಪೊಲೀಸರು ಗಾಡಿಯ ಹುಲ್ಲು ಕೆದಕಿದರು, ನನ್ನ ಚಡ್ಡಿ ಜೇಬನ್ನೂ ತಡಕಿದರು. ಆದರೆ ಮುತ್ತೈದೆಯ ಮಡಿಲಿಗೆ ಪರಗಂಡಸು ಕೈ ಹಾಕುವಂತಿಲ್ಲ. "ಓಗವ್ವ, ಓಗು" ಎಂದು ಬಿಟ್ಟರು. ಗುಂಡ್ಲುಪೇಟೆಯಲ್ಲಿ ಅಕ್ಕನ ಅತ್ತೆ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು, ಕಾಗದಗಳನ್ನು ಅಡುಗೆಮನೆಯಿಂದಲೇ ಮುಂದಕ್ಕೆ ಸಾಗಿಸುತ್ತಿದ್ದಳು. ಹೀಗೆ ಮೂರು ಸಲ ನಡೆಯಿತು. ತವರಿನ ಗಂಡು ಜೊತೆಗಿರಬೇಕೆಂದು ಒಂಬತ್ತು ವರ್ಷದ ನನ್ನನ್ನು ಕಳಿಸುತ್ತಿದ್ದರು. ಪೊಲೀಸರು ಎಬ್ಬಿಸಿದಾಗ ಬಿಟ್ಟರೆ ನಾನು ದಾರಿಯುದ್ದಕ್ಕೂ ನಿದ್ದೆ ಮಾಡುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ, ಚಳವಳಿಯಲ್ಲಿದ್ದವರ ಹೆಸರು ಬರೆದುಕೊಳ್ಳಲು ಒಬ್ಬರು ಊರಿಗೆ ಬಂದರು. ನಾಲ್ಕನೇ ಕ್ಲಾಸು ಓದಿದವನೆಂದು ನನ್ನ ಹತ್ತಿರವೇ ಕೂತರು. ಕಾಗದ ಸಾಗಿಸಿದ್ದು ಯಾರು ಎಂದಾಗ, ವಯಸ್ಸು ನಾಲ್ಕು ವರ್ಷ ಏರಿಸಿ ನನ್ನ ಹೆಸರನ್ನೇ ಬರೆಸಿದೆ. ಹೆಂಗಸರು ಯಾರಾದರೂ ಇದ್ದರೇ ಎಂದು ಕೇಳಿದರು.

"ಅವ್ರೇನ್ ಮಾಡಾರು ಸಾರ್, ಒಲೆ ಮುಂದಿದ್ರು" ಎಂದೆ.

ಅಂದಿನಿಂದ ಪ್ರತಿ ಆಗಸ್ಟಿನಲ್ಲೂ ಶಾಲೆಯಲ್ಲಿ ನನಗೆ ಶಾಲು ಹೊದಿಸುತ್ತಾರೆ. ಈಗ ಶಾಲೆಯ ಗೋಡೆಗೆ ಹೆಸರಿನ ಕಲ್ಲು ಕೂರಿಸುತ್ತಾರಂತೆ. ಕೆತ್ತುವ ಮೊದಲು ಒಮ್ಮೆ ನೋಡಿ ಎಂದು ಮೇಷ್ಟರು ಪಟ್ಟಿ ಕೊಟ್ಟರು. ಮೊದಲ ಹೆಸರು ನನ್ನದು. ಅಕ್ಕ ಬದುಕಿರುವಾಗ ಅದಕ್ಕೆ ಹೂಂ ಎನ್ನಲು ಬಾಯಿ ಬರಲಿಲ್ಲ.

ಗುಂಡ್ಲುಪೇಟೆಯಲ್ಲಿ ತುಂತುರು ಮಳೆ, ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ. ಅಕ್ಕ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಏನ್ಲಾ, ದಾರಿ ತಪ್ಪಿ ಬಂದ್ಯಾ?"

ಕೂತು ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಎಷ್ಟ್ ಶಾಲು ಆದೊ?"

"ಪೆಟ್ಟಿಗೆ ತುಂಬ ಅವೆ ಕಣಕ್ಕ."

"ಒಂದಾದ್ರೂ ತರಬಾರ್ದಾಗಿತ್ತಾ? ನಂಗೆ ಚಳಿ ಕಣ್ಲಾ."

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಇದೆಲ್ಲ ಹೊಸದು. "ಅವ್ವ, ಒಂದ್ ದಿನಾನೂ ಏಳ್ನಿಲ್ವಲ್ಲ ನೀನು!"

"ಏನೇಳದು? ತವ್ರಿಂದ ಅಕ್ಕಿ ತಂದೆ ಅಂತ ಏಳನಾ?"

ನನ್ನ ಹೆಸರು ತೆಗೆಸಿ ನಿನ್ನದು ಹಾಕಿಸುತ್ತೇನೆ ಎಂದೆ. ಅಕ್ಕ ಬೇಡವೆಂದು ತಲೆಯಾಡಿಸಿದಳು.

"ಮಡ್ಲು ತುಂಬ್ದೋಳು ಅವ್ವ. ಸುರ್ಕಂಡೋಳು ನಮ್ಮತ್ತೆ. ಅವ್ರನ್ನ ಬುಟ್ಟು ನಂದೊಂದೇ ಆಕ್ಸುದ್ರೆ, ನೀ ಮಾಡಿದ್ನೇ ನಾನೂ ಮಾಡ್ದಂಗಾಯ್ತದೆ."

ಪಟ್ಟಿಯಲ್ಲಿ ನನ್ನ ಹೆಸರನ್ನು ಹೊಡೆದು ಹಾಕಿ, ಅವ್ವ ಗೌರಮ್ಮ, ಅತ್ತೆ ಸಿದ್ದಮ್ಮ, ಅಕ್ಕ ಪುಟ್ಟತಾಯಮ್ಮ ಎಂದು ಮೂರು ಸಾಲು ಬರೆದೆ. ತಪ್ಪಾಯ್ತಕ್ಕ ಎಂದೆ.

"ಅವತ್ತು ನನ್ ಕೇಳಿದ್ರೆ, ನಿನ್ ಎಸ್ರೇ ಬರಸ್ಕೊ ಓಗು ಅಂತಿದ್ದೆ. ನೀ ಕೇಳ್ನಿಲ್ಲ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಮುದ್ದೆ ತಿರುವಮ್ಮಿ, ಇವನು ಉಣ್ಲಿ" ಎಂದಳು.

ಮುದ್ದೆ, ಉಪ್ಸಾರು ಉಂಡು ಮೂರು ಗಂಟೆಯ ಬಸ್ಸಿಗೆ ಹೊರಟೆ. ಬೀದಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಎಷ್ಟು ಅಕ್ಕಿ, ಎಲ್ಲಿ ಕಾಗದ ಎಂದು ಮಗಳಿಗೆ ತೋರಿಸುತ್ತಿದ್ದಳು.