ಘನಕಾಂತನ ಕೊನೆಯ ಚೂರು

ದಿನಾ ಬೆಳಿಗ್ಗೆ ಕ್ಯಾನ್ಸರ್ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲು ತೆಗೆದ ಕೂಡಲೇ ಡಾಲಿಮಿ ಒಂದು ಮೇಣದ ಬಿಲ್ಲೆಯನ್ನು ಮಂಜುಗಡ್ಡೆಯ ಮೇಲಿಡುತ್ತಿದ್ದಳು. ತಣ್ಣಗಾದರೆ ಮಾತ್ರ ಅದನ್ನು ತೆಳ್ಳಗೆ ಸೀಳಲು ಬರುತ್ತದೆ.

"ಚಳಿಯಾಯ್ತಾ? ತಡ್ಕೊಳ್ಳಿ. ಮಾಘದಲ್ಲಿ ಸ್ನಾನ ಮಾಡಿ ಅಂದ್ರೆ ನನ್ನನ್ನ ಮನೆಯೆಲ್ಲಾ ಓಡಾಡಿಸ್ತಿದ್ರಿ," ಎಂದು ಪಿಸುಗುಡುತ್ತಿದ್ದಳು. ಮೇಣದೊಳಗಿದ್ದದ್ದು ಅವಳ ಗಂಡ ಘನಕಾಂತನ ಗಂಟಲಿನ ಗಡ್ಡೆಯ ತುಂಡು. ಉಳಿದ ಘನಕಾಂತ ಬೂದಿಯಾಗಿ ಬ್ರಹ್ಮಪುತ್ರ ಸೇರಿ ವರ್ಷಗಳಾಗಿದ್ದವು.

ಗುವಾಹಾಟಿಯ ದೋಣಿಘಾಟಿನಲ್ಲಿ ಜನರನ್ನು ಕೂಗಿ ಕರೆದು ದೋಣಿ ಹತ್ತಿಸುವುದು ಅವನ ಕೆಲಸವಾಗಿತ್ತು. ಹೋದ ಮನೆಯಲ್ಲೆಲ್ಲ ತಾಮೂಲ: ಹಸಿ ಅಡಿಕೆ, ವೀಳ್ಯದೆಲೆ, ಸುಣ್ಣ. ನಮ್ಮಲ್ಲಿ ತಾಮೂಲ ಕೊಡದಿದ್ದರೆ ಮನೆಯವರ ಮಾನ ಹೋಯಿತು, ಬೇಡವೆಂದರೆ ಬಂದವನ ಮಾನ ಹೋಯಿತು. ಮಾನವೇನೋ ಉಳಿಯಿತು, ಗಂಟಲು ಹೋಯಿತು! "ಬೇಡ ಅನ್ನೋಕೆ ನಿಮ್ಗೆ ಬಾಯಿಲ್ವಾ?" ಎಂದು ಡಾಲಿಮಿ ಬೈದರೆ, "ಬಾಯ್ತುಂಬ ತಾಮೂಲ ಇದ್ಯಲ್ಲೇ, ಹೇಗೆ ಅನ್ಲಿ?" ಎನ್ನುತ್ತಿದ್ದ. ಡಾಕ್ಟರು ಗಂಟಲು ಕೊಯ್ಯುವ ಹೊತ್ತಿಗೆ ರೋಗ ಶ್ವಾಸಕೋಶಕ್ಕೆ ಇಳಿದಿತ್ತು.

ಗಡ್ಡೆಯ ಜೀವಕೋಶಗಳ ಹೊರಮೈಯಲ್ಲಿ ಒಂದು ಪ್ರೋಟೀನು ಇರುತ್ತದೆ. ಅದು ಅತಿಯಾದರೆ ಕೋಶಗಳು ಇದ್ದಲ್ಲಿ ಇರುವುದಿಲ್ಲ, ಮೈಯೆಲ್ಲ ಅಲೆದು ಕಂಡಲ್ಲಿ ಬೀಡು ಬಿಡುತ್ತವೆ. ಪರೀಕ್ಷೆಯ ದ್ರವ ಹಾಕಿದರೆ ಆ ಪ್ರೋಟೀನು ಇರುವಲ್ಲೆಲ್ಲ ಕಾಚಿನ ಕಂದು ಬಣ್ಣ ಏಳುತ್ತದೆ. ಘನಕಾಂತನ ತುಂಡಿನಲ್ಲಿ ಅದು ದಟ್ಟವಾಗಿ ಎದ್ದಿತ್ತು. ಅದಕ್ಕೇ ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಬರುವಾ ಅದನ್ನು ಸಾಕ್ಷಿಗೆಂದು ಆರಿಸಿಕೊಂಡರು: ಪ್ರತಿ ರೋಗಿಯ ಚೂರಿನ ಪಕ್ಕ ಇದರದೊಂದು ಚೂರು. ಇದಕ್ಕೆ ಬಣ್ಣ ಬಂದರೆ ದ್ರವ ಸರಿಯಾಗಿದೆ ಎಂದರ್ಥ. ಬಿಲ್ಲೆಯ ಮೇಲಿದ್ದದ್ದು ಬರೀ ಸಂಖ್ಯೆ. ಗಂಡನ ಆಸ್ಪತ್ರೆ ಚೀಟಿಯಲ್ಲೂ ಅದೇ ಸಂಖ್ಯೆ ಇದ್ದದ್ದರಿಂದ ಅದು ಯಾರದೆಂದು ಡಾಲಿಮಿಗೆ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ಅಯ್ಯೋ ಪಾಪ ಎಂದು ಬೇರೆಯದನ್ನು ತಂದಿಡುತ್ತಿದ್ದರು. ಮಕ್ಕಳಿಲ್ಲದ ಆ ಹೆಂಗಸಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದು ಅದೊಂದೇ.

ಸೀಳಿ ಸೀಳಿ ಬಿಲ್ಲೆ ಸವೆಯಿತು. ಇನ್ನೊಂದೇ ಚೂರು ಸಿಕ್ಕೀತು ಎಂಬ ದಿನ ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, "ಸಾರ್, ಅದು ಮುಗಿದೇ ಹೋಯ್ತು," ಎಂದು ಸುಳ್ಳು ಹೇಳಿದಳು.

ಹಿರಿಯಳೆಂದು ಬರುವಾ ಅವಳನ್ನು ಬೈದೇವ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. "ಇವತ್ತು ಅದಿಲ್ದೇನೇ ಮಾಡಿ ಬೈದೇವ್," ಎಂದರು.

ಅಂದಿನ ರೋಗಿ ಒಬ್ಬ ಮೀನುಗಾರ. ಅವನ ಚೂರಿಗೆ ಬಣ್ಣವೇ ಬರಲಿಲ್ಲ. ಬರುವಾ ತಲೆ ಕೆರೆದುಕೊಂಡರು.

"ಪ್ರೋಟೀನೇ ಇಲ್ವೋ, ದ್ರವವೇ ಕೆಟ್ಟಿದ್ಯೋ? ಹೇಗೆ ನಂಬೋದು? ಬೇರೆ ಸಾಕ್ಷಿ ಸಿದ್ಧ ಮಾಡೋಕೆ ದಿನಗಟ್ಟಲೆ ಬೇಕು. ನಾಳೆನೇ ಆಪರೇಷನ್. ಹರಡೋ ಜಾತಿ ಅಂತ್ಲೇ ತಿಳ್ಕೊಂಡು ಧ್ವನಿಪೆಟ್ಟಿಗೆ ಸಮೇತ ಗಂಟಲು ಪೂರ್ತಿ ತೆಗೀತಾರೆ ಅಷ್ಟೆ."

ಡಾಲಿಮಿ ಹೊರಗೆ ಬಂದಳು. ಮೀನುಗಾರನ ಹೆಂಡತಿ ಗೋಡೆಗೊರಗಿ ಕೂತಿದ್ದಳು. "ಬೈದೇವ್, ನಮ್ಮೋರ ದನಿ ಉಳಿಯುತ್ತಾ?" ಎಂದಳು. "ಬೈಗುಳಾನೇ ಆಗ್ಲಿ, ಮನೇಲೊಂದು ದನಿ ಬೇಕಲ್ವಾ?"

ದನಿಯಿಲ್ಲದ ಮನೆ ಹೇಗಿರುತ್ತದೆಂದು ಡಾಲಿಮಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಒಳಗೆ ಹೋಗಿ ಸೆರಗಿನ ಗಂಟು ಬಿಚ್ಚಿದಳು. ಕೊನೆಯ ಚೂರನ್ನು ತೆಳ್ಳಗೆ ಸೀಳಿ, ಮೀನುಗಾರನ ಹೊಸ ಚೂರಿನ ಪಕ್ಕ ಗಾಜಿನ ಮೇಲೆ ಕೂರಿಸಿದಳು. ಇನ್ನು ಖಾಲಿ ಮೇಣವಷ್ಟೇ ಉಳಿಯಿತು.

ಸಂಜೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದ ಬರುವಾ ಕೂಗಿದರು: "ಸಾಕ್ಷಿಗೆ ಬಣ್ಣ ಬಂತು! ರೋಗೀದು ಬಿಳಿಚಿಕೊಂಡಿದೆ. ಹರಡೋ ಲಕ್ಷಣ ಕಮ್ಮಿ, ಗಂಟಲು ಉಳಿಸೋಕೆ ನೋಡಬಹುದು ಅಂತ ಬರೀತೀನಿ. ಮುಗೀತು ಅಂದ್ರಲ್ಲ, ಎಲ್ಲಿತ್ತು?"

"ನನ್ನ ಹತ್ರಾನೇ ಇತ್ತು ಸಾರ್. ಅದು ನಮ್ಮ ಮನೆಯವರದು."

ಬರುವಾ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಡಾಲಿಮಿ ಕೂತು ಕಣ್ಣಿಟ್ಟಳು. ಇಷ್ಟು ವರ್ಷ ಸೀಳಿದ್ದಳೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಒಂದೊಂದು ಕೋಶದ ಸುತ್ತಲೂ ಬಣ್ಣದ ಅಂಚು, ನೇಯ್ದ ಹಾಗೆ.

"ಎಷ್ಟು ಚೆಂದ ಇದೆ, ಹಾಳಾದ್ದು!" ಎಂದವಳೇ ಗೊಳೋ ಎಂದು ಅತ್ತಳು.